ಆ ಬಾವುಟವನ್ನು ಏರಿಸಿದ್ದು ಯಾವಾಗ?

2015ರ ಜೂನ್ 27, ಶನಿವಾರ ಬೆಳಿಗ್ಗೆ. ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ರಾಜಧಾನಿ ಕೊಲಂಬಿಯಾ. ಶಾಸನಸಭೆಯ ಕಟ್ಟಡದ ಮುಂದೆ ಸುಮಾರು 30 ಅಡಿ ಎತ್ತರದ ಧ್ವಜಸ್ತಂಭ, ಸುತ್ತ ಕಬ್ಬಿಣದ ಬೇಲಿ. ಮೇಲೆ ಕಾನ್ಫೆಡರೇಟ್ ಬಾವುಟ, ಅಂದರೆ 1860ರ ದಶಕದ ಅಂತರ್ಯುದ್ಧದಲ್ಲಿ ಅಮೆರಿಕದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಸೈನಿಕರು ಹಿಡಿದಿದ್ದ ಬಾವುಟ. ಬ್ರೀ ನ್ಯೂಸಮ್ ಎಂಬ ಕಪ್ಪು ಜನಾಂಗದ ಯುವತಿ ಬೇಲಿ ದಾಟಿ ಕಂಬ ಹತ್ತತೊಡಗಿದರು. ತಲೆಗೆ ಹೆಲ್ಮೆಟ್, ಸೊಂಟಕ್ಕೆ ಬಿಗಿದ ಪಟ್ಟಿ. ಕೆಳಗೆ ಪೊಲೀಸರು ಇಳಿಯಿರಿ ಇಳಿಯಿರಿ ಅಂತ ಕೂಗುತ್ತಿದ್ದರು. ಅವರು ತುದಿ ಮುಟ್ಟಿ, ಕೊಂಡಿ ಬಿಚ್ಚಿ, ಬಾವುಟವನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದು ಬಂದರು. ಇಳಿಯುವಾಗ ಬೈಬಲ್ಲಿನ ಕೀರ್ತನೆ ಹೇಳುತ್ತಿದ್ದರು. ಕಾಲು ನೆಲಕ್ಕೆ ತಾಗಿದ್ದೇ ತಡ, ಕೈಗೆ ಕೋಳ ಬಿತ್ತು. ಸ್ವಲ್ಪ ಹೊತ್ತಿನಲ್ಲೇ ಬಾವುಟ ಮತ್ತೆ ಕಂಬದ ಮೇಲಿತ್ತು.

ಅದಕ್ಕೆ ಹತ್ತು ದಿನ ಮುಂಚೆ ಅದೇ ರಾಜ್ಯದ ಚಾರ್ಲ್‌ಸ್ಟನ್‌ನಲ್ಲಿ, ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಓದುತ್ತಾ ಕುಳಿತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಒಬ್ಬ ಬಿಳಿಯ ಯುವಕ ಗುಂಡಿಕ್ಕಿ ಕೊಂದಿದ್ದ. ಅವನು ಇದೇ ಬಾವುಟ ಹಿಡಿದು ತೆಗೆಸಿಕೊಂಡಿದ್ದ ಫೋಟೊಗಳು ಆಮೇಲೆ ಸಿಕ್ಕವು. ಸತ್ತವರ ಗೌರವಕ್ಕಾಗಿ ಶಾಸನಸಭೆಯ ಗುಮ್ಮಟದ ಮೇಲಿದ್ದ ದೇಶದ ಬಾವುಟವನ್ನೂ ರಾಜ್ಯದ ಬಾವುಟವನ್ನೂ ಅರ್ಧಕ್ಕೆ ಇಳಿಸಿದ್ದರು. ಇದು ಮಾತ್ರ ಪೂರ್ತಿ ಎತ್ತರದಲ್ಲೇ ಹಾರುತ್ತಿತ್ತು. ಇದನ್ನು ಮುಟ್ಟಬೇಕಾದರೆ ಶಾಸನಸಭೆಯೇ ತೀರ್ಮಾನ ಮಾಡಬೇಕು ಅಂತ ಕಾನೂನಿತ್ತು.

ಕೆಂಪು ಬಟ್ಟೆ, ಅದರ ಮೇಲೆ ನೀಲಿ ಪಟ್ಟಿಗಳ ಇಂಟು ಗುರುತು, ಪಟ್ಟಿಯೊಳಗೆ 13 ಬಿಳಿ ನಕ್ಷತ್ರ. ಇದರ ಅರ್ಥ ಏನು ಅಂತ ಕೇಳಿದರೆ ಎರಡು ಉತ್ತರ ಬರುತ್ತವೆ. ಇದು ನಮ್ಮ ಹಿರಿಯರ ನೆನಪು, ದ್ವೇಷ ಏನೂ ಇಲ್ಲ ಅನ್ನುತ್ತಾರೆ ಒಂದು ಕಡೆಯವರು. ಇದು ಗುಲಾಮಗಿರಿಯ ಬಾವುಟ ಅನ್ನುತ್ತಾರೆ ಇನ್ನೊಂದು ಕಡೆಯವರು. ಇಬ್ಬರೂ ಚರಿತ್ರೆಯ ಪುಸ್ತಕ ತೆರೆದು 1861ನೇ ಇಸವಿಗೆ ಹೋಗುತ್ತಾರೆ. ಅಲ್ಲಿ ನಿಂತು ಜಗಳ ಆಡುತ್ತಾರೆ.

ನನಗೆ ಅನ್ನಿಸುವುದು, ಜಗಳದ ಜಾಗವೇ ತಪ್ಪು. ಬಾವುಟ ಹುಟ್ಟಿದ್ದು ಯಾವಾಗ ಅನ್ನುವುದಕ್ಕಿಂತ, ಅದನ್ನು ಯಾರು, ಯಾವಾಗ, ಯಾರ ಕಣ್ಣೆದುರು ಏರಿಸಿದರು ಅನ್ನುವುದು ಜಾಸ್ತಿ ಹೇಳುತ್ತದೆ.

ಧೂಳಿನಲ್ಲಿ ಹುಟ್ಟಿದ ಬಾವುಟ

ಹುಟ್ಟನ್ನು ಮೊದಲು ನೋಡಿಬಿಡೋಣ. ಅಮೆರಿಕದಿಂದ ಬೇರೆಯಾಗಿ ತಮ್ಮದೇ ಒಕ್ಕೂಟ ಕಟ್ಟಿಕೊಂಡ ದಕ್ಷಿಣದ ರಾಜ್ಯಗಳು 1861ರಲ್ಲಿ ಒಂದು ರಾಷ್ಟ್ರಧ್ವಜ ಮಾಡಿಕೊಂಡವು. ಅದು ಹೆಚ್ಚು ಕಡಿಮೆ ಅಮೆರಿಕದ ಬಾವುಟದ ಥರವೇ ಇತ್ತು. ಕೆಂಪು-ಬಿಳಿ ಪಟ್ಟಿ, ಮೂಲೆಯಲ್ಲಿ ನೀಲಿ ಚೌಕ, ಅದರೊಳಗೆ ನಕ್ಷತ್ರ. ಜುಲೈನಲ್ಲಿ ಮನಾಸಸ್ ಯುದ್ಧ ನಡೆದಾಗ ಧೂಳು, ಹೊಗೆಯಲ್ಲಿ ಬರುತ್ತಿರುವವರು ನಮ್ಮವರಾ ಶತ್ರುಗಳಾ ಅಂತ ಗೊತ್ತಾಗದೆ ಸೇನಾಪತಿಗಳು ಪೇಚಾಡಿದರು. ದೂರದಿಂದಲೇ ಗುರುತು ಸಿಗುವ ಬೇರೆ ಬಾವುಟ ಬೇಕು ಅಂತ ಜನರಲ್ ಬೋರಿಗಾರ್ಡ್ ಹಟ ಹಿಡಿದ. ಆಗ ಕೈಗೆತ್ತಿಕೊಂಡಿದ್ದು ವಿಲಿಯಂ ಪೋರ್ಚರ್ ಮೈಲ್ಸ್ ಎಂಬ ರಾಜಕಾರಣಿ ಬಿಡಿಸಿಟ್ಟಿದ್ದ ನಮೂನೆ. ಅವನು ಮೊದಲು ಶಿಲುಬೆಯನ್ನು ನೆಟ್ಟಗೆ ಬಿಡಿಸಿದ್ದ. ಬಾವುಟದಲ್ಲಿ ಒಂದೇ ಮತದ ಗುರುತು ಬೇಡ ಅಂತ ದಕ್ಷಿಣದ ಒಬ್ಬ ಯಹೂದಿ ಪತ್ರ ಬರೆದ ಮೇಲೆ ಅದನ್ನು ಓರೆ ಮಾಡಿದ. ಇಂಟು ಗುರುತು ಬಂದಿದ್ದು ಹಾಗೆ. ಅಂದರೆ ಇದು ರಣರಂಗದ ಬಾವುಟ. ಆ ಒಕ್ಕೂಟದ ರಾಷ್ಟ್ರಧ್ವಜ ಆಗಿದ್ದೇ ಇಲ್ಲ. ಆಮೇಲಿನ ರಾಷ್ಟ್ರಧ್ವಜಗಳ ಮೂಲೆಯಲ್ಲಿ ಜಾಗ ಪಡೆದಿದ್ದು ನಿಜ, ಅಷ್ಟೆ.

ಹಾಗಾದರೆ ಪಾಪದ ಬಾವುಟ, ಬರೀ ಸೈನಿಕರದ್ದು ಅನ್ನೋಣವಾ? ಆ ಸೈನಿಕರು ಕಾಪಾಡುತ್ತಿದ್ದ ಸರ್ಕಾರ ಯಾತಕ್ಕಾಗಿ ಹುಟ್ಟಿತು ಅಂತ ಅದರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾದಲ್ಲಿ ಬಿಡಿಸಿ ಹೇಳಿದ್ದ. ಕಪ್ಪು ಮನುಷ್ಯ ಬಿಳಿಯನಿಗೆ ಸಮ ಅಲ್ಲ, ಗುಲಾಮಗಿರಿಯೇ ಅವನ ಸಹಜ ಸ್ಥಿತಿ, ಈ ಸರ್ಕಾರದ ಮೂಲೆಗಲ್ಲು ಇದೇ ಅಂತ. ಮುಚ್ಚುಮರೆ ಏನೂ ಇರಲಿಲ್ಲ.

ಆದರೆ ನನಗೆ ಜಾಸ್ತಿ ಕುತೂಹಲ ಹುಟ್ಟಿಸುವುದು ಯುದ್ಧ ಮುಗಿದ ಮೇಲಿನ ಕಥೆ. 1865ರಲ್ಲಿ ದಕ್ಷಿಣ ಸೋತಿತು. ಆಮೇಲೆ ಬಹಳ ಕಾಲ ಈ ಬಾವುಟ ಹೆಚ್ಚಾಗಿ ಕಾಣುತ್ತಿದ್ದಿದ್ದು ಹಳೆ ಸೈನಿಕರ ಕೂಟದಲ್ಲಿ, ಅವರ ಶವಯಾತ್ರೆಯಲ್ಲಿ, ಸ್ಮಾರಕದ ಮುಂದೆ. 1894ರಲ್ಲಿ ಮಿಸಿಸಿಪಿ ತನ್ನ ರಾಜ್ಯಧ್ವಜದ ಮೂಲೆಯಲ್ಲಿ ಇದನ್ನು ಸೇರಿಸಿಕೊಂಡಿತು. ಅದಕ್ಕೆ ನಾಲ್ಕು ವರ್ಷ ಮುಂಚೆ, 1890ರಲ್ಲಿ, ಅದೇ ಮಿಸಿಸಿಪಿ ಹೊಸ ಸಂವಿಧಾನ ಬರೆದು ಕಪ್ಪು ಜನರ ಮತದಾನದ ಹಕ್ಕನ್ನು ಹೆಚ್ಚು ಕಡಿಮೆ ಕಿತ್ತುಕೊಂಡಿತ್ತು.

ಇನ್ನು ಮುಂದಿನ ತಾರೀಖುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ.

1948ರಲ್ಲಿ ಅಧ್ಯಕ್ಷ ಟ್ರೂಮನ್ ನಾಗರಿಕ ಹಕ್ಕುಗಳ ಮಾತೆತ್ತಿದರು. ಸಿಟ್ಟಾದ ದಕ್ಷಿಣದ ಡೆಮಾಕ್ರಟರು ಬೇರೆ ಪಕ್ಷ ಕಟ್ಟಿ ಸ್ಟ್ರಾಮ್ ಥರ್ಮಂಡ್‌ರನ್ನು ಚುನಾವಣೆಗೆ ನಿಲ್ಲಿಸಿದರು. ಅವರ ಸಭೆಗಳಲ್ಲಿ ಈ ಬಾವುಟ ರಾರಾಜಿಸಿತು. 1954ರಲ್ಲಿ ಕಪ್ಪು ಮಕ್ಕಳು, ಬಿಳಿ ಮಕ್ಕಳು ಬೇರೆ ಬೇರೆ ಶಾಲೆಗೆ ಹೋಗಬೇಕು ಅನ್ನುವುದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 1956ರಲ್ಲಿ ಜಾರ್ಜಿಯಾ ತನ್ನ ರಾಜ್ಯಧ್ವಜ ಬದಲಿಸಿ ಈ ಇಂಟು ಗುರುತನ್ನು ದೊಡ್ಡದಾಗಿ ಸೇರಿಸಿತು. 1961ರಲ್ಲಿ ಸೌತ್ ಕೆರೊಲಿನಾದ ಗುಮ್ಮಟದ ಮೇಲೆ ಇದು ಹಾರಿತು. 1963ರ ಏಪ್ರಿಲ್‌ನಲ್ಲಿ ಕೇಂದ್ರದ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಅಲಬಾಮಾಕ್ಕೆ ಮಾತುಕತೆಗೆ ಬಂದಾಗ, ಅಲ್ಲಿನ ಗವರ್ನರ್ ಜಾರ್ಜ್ ವಾಲೇಸ್ ತಮ್ಮ ಗುಮ್ಮಟದ ಮೇಲೂ ಏರಿಸಿದರು.

ಸೌತ್ ಕೆರೊಲಿನಾದವರು ಕೊಟ್ಟ ಕಾರಣ, ಅಂತರ್ಯುದ್ಧಕ್ಕೆ ನೂರು ವರ್ಷ ತುಂಬಿತು, ಅದರ ನೆನಪಿಗೆ ಅಂತ. ಸುಳ್ಳಲ್ಲ, 1961ಕ್ಕೆ ನೂರು ತುಂಬಿತ್ತು. ಆದರೆ 1962ರಲ್ಲಿ ಅವರು ಮಾಡಿದ ನಿರ್ಣಯದಲ್ಲಿ ಯಾವಾಗ ಇಳಿಸಬೇಕು ಅನ್ನುವುದೇ ಇರಲಿಲ್ಲ. 1965ಕ್ಕೆ ಶತಮಾನೋತ್ಸವ ಮುಗಿಯಿತು. ಬಾವುಟ ಗುಮ್ಮಟದಿಂದ ಇಳಿದಿದ್ದು 2000ನೇ ಇಸವಿಯಲ್ಲಿ, ಅದೂ ಒಪ್ಪಂದದ ಮೇಲೆ, ಕಟ್ಟಡದ ಮುಂದಿನ ಆ ಕಂಬಕ್ಕೆ. ಹಬ್ಬ ಮುಗಿದ ಮೇಲೂ 35 ವರ್ಷ ತೋರಣ ಬಿಚ್ಚದೆ ಇದ್ದರೆ, ಹಬ್ಬ ನೆಪ ಅಷ್ಟೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ?

ಹೀಗೆ ಹೇಳಿದರೂ ಪೂರ್ತಿ ಕಥೆ ಆಗುವುದಿಲ್ಲ. 1950ರ ಆಸುಪಾಸಿನಲ್ಲಿ ಈ ಬಾವುಟ ಒಂದು ಫ್ಯಾಷನ್ನೂ ಆಗಿತ್ತು. ಟವೆಲ್ ಮೇಲೆ, ಕಾರಿನ ಮೇಲೆ, ಕಾಲೇಜಿನ ಫುಟ್‌ಬಾಲ್ ಪಂದ್ಯದಲ್ಲಿ. ಆಮೇಲೆ ಬೈಕ್ ಓಡಿಸುವವರು, ರಾಕ್ ಸಂಗೀತದವರು ಎತ್ತಿಕೊಂಡರು. ಅವರಲ್ಲಿ ಎಷ್ಟೋ ಜನಕ್ಕೆ ಅದು ಸುಮ್ನೆ "ನಾನು ಯಾರ ಮಾತೂ ಕೇಳಲ್ಲ" ಅನ್ನುವ ಗುರುತು. ಅವರು ನಾಟಕ ಆಡುತ್ತಿದ್ದರು ಅಂತ ನಾನು ಹೇಳುವುದಿಲ್ಲ.

ಇದರ ವಿಚಿತ್ರ ಉದಾಹರಣೆ ಐರ್ಲೆಂಡಿನಲ್ಲಿದೆ. ಅಲ್ಲಿನ ಕಾರ್ಕ್ ಜಿಲ್ಲೆಗೆ ಬಂಡಾಯದ ಜಿಲ್ಲೆ ಅಂತ ಅಡ್ಡಹೆಸರು. ಅವರ ಕ್ರೀಡಾ ತಂಡದ ಬಣ್ಣ ಕೆಂಪು. ಹರ್ಲಿಂಗ್ ಎಂಬ ಕೋಲು-ಚೆಂಡಿನ ಆಟದ ಪಂದ್ಯಕ್ಕೆ ಬರುವ ಅಭಿಮಾನಿಗಳು ಕೆಂಪು ಬಣ್ಣದ್ದು, ಬಂಡಾಯದ್ದು ಅಂತ ಈ ಅಮೆರಿಕನ್ ಬಾವುಟವನ್ನೂ ತಂದು ಬೀಸುತ್ತಿದ್ದರು. ಅಟ್ಲಾಂಟಿಕ್ ಸಾಗರದ ಆಚೆಯ ಗುಲಾಮಗಿರಿ ಅವರ ತಲೆಯಲ್ಲಿ ಇರಲೇ ಇಲ್ಲ. ಚಾರ್ಲ್‌ಸ್ಟನ್ ಕೊಲೆಗಳಾದವು, 2017ರಲ್ಲಿ ಅಮೆರಿಕದ ಷಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯ ಜನಾಂಗವಾದಿಗಳು ಇದೇ ಬಾವುಟ ಹಿಡಿದು ಮೆರವಣಿಗೆ ಮಾಡಿದರು. ಆಮೇಲೆ ಕಾರ್ಕ್‌ನವರಿಗೂ ಅದನ್ನು ತರಬೇಡಿ ಅಂತ ಹೇಳಬೇಕಾಯಿತು. ಕಾರ್ಕ್‌ನ ಅಭಿಮಾನಿ ಹೋದ ವರ್ಷ ಇದ್ದ ಹಾಗೇ ಈ ವರ್ಷವೂ ಇದ್ದ. ಅವನ ಕೈಯಲ್ಲಿದ್ದ ಬಟ್ಟೆಯೂ ಅದೇ. ಅರ್ಥ ಮಾತ್ರ ಅವನನ್ನು ಕೇಳದೆಯೇ ಬದಲಾಗಿತ್ತು.

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಇದೇ. ಹಿಡಿದವನ ಮನಸ್ಸಿನಲ್ಲಿ ಏನಿದೆ ಅನ್ನುವುದು ಲೆಕ್ಕಕ್ಕೆ ಬರುತ್ತದೆ, ಆದರೆ ಬಾವುಟದ ಅರ್ಥ ಅವನೊಬ್ಬನ ಸ್ವತ್ತಲ್ಲ.

ಇಪ್ಪತ್ತೈದು ವರ್ಷ ಸಾಕಾಯಿತು

ಸ್ವಸ್ತಿಕದ ಕಥೆಯನ್ನು ಎಲ್ಲರೂ ಅರ್ಧರ್ಧ ಕೇಳಿರುತ್ತಾರೆ. ಹಿಂದೂ, ಬೌದ್ಧ, ಜೈನರಲ್ಲಿ ಅದು ಸಾವಿರಾರು ವರ್ಷಗಳ ಶುಭಚಿಹ್ನೆ. ಯುರೋಪಿನಲ್ಲೂ ಹಳೆಯ ಮಡಕೆಗಳ ಮೇಲೆ ಸಿಗುತ್ತದೆ. 1870ರ ದಶಕದಲ್ಲಿ ಹೈನ್ರಿಕ್ ಶ್ಲೀಮನ್ ಟ್ರಾಯ್ ನಗರವನ್ನು ಅಗೆದಾಗ ಈ ಚಿಹ್ನೆ ಕಂಡು ಅದರ ಬಗ್ಗೆ ಬಹಳ ಬರೆದ. ಅದಾದ ಮೇಲೆ ಯುರೋಪ್, ಅಮೆರಿಕಗಳಲ್ಲಿ ಸ್ವಸ್ತಿಕದ ಹುಚ್ಚು ಹತ್ತಿತು. ಅದೃಷ್ಟದ ಗುರುತು ಅಂತ ಶುಭಾಶಯದ ಕಾರ್ಡುಗಳ ಮೇಲೆ, ಪದಕಗಳ ಮೇಲೆ ಹಾಕಿದರು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಗುರುತೂ ಇದೇ ಆಗಿತ್ತು. ಕೋಪನ್‌ಹೇಗನ್‌ನಲ್ಲಿ ಅದರ ಹಳೆಯ ಕಾರ್ಖಾನೆಯ ಹೆಬ್ಬಾಗಿಲಿನಲ್ಲಿ 1901ರ ಕಲ್ಲಿನ ಆನೆಗಳಿವೆ. ಅವುಗಳ ಮೈಮೇಲೆ ಸ್ವಸ್ತಿಕ ಈಗಲೂ ಇದೆ. ಅಮೆರಿಕದ ಸೇನೆಯ 45ನೇ ಪದಾತಿ ದಳ ಮೂಲನಿವಾಸಿಗಳ ಗೌರವಕ್ಕೆ ಅಂತ ತೋಳಿನ ಮೇಲೆ ಹಳದಿ ಸ್ವಸ್ತಿಕ ಧರಿಸುತ್ತಿತ್ತು. 1939ರಲ್ಲಿ ಅದರ ಜಾಗಕ್ಕೆ ಗುಡುಗಿನ ಹಕ್ಕಿಯ ಚಿತ್ರ ಬಂತು. ಆ ದಳವೇ ಆಮೇಲೆ ಯುರೋಪಿಗೆ ಹೋಗಿ ಹಿಟ್ಲರನ ಸೈನ್ಯದ ಮೇಲೆ ಹೋರಾಡಿತು.

ನಾಜಿ ಪಕ್ಷ ಇದನ್ನು ಎತ್ತಿಕೊಂಡಿದ್ದು 1920ರಲ್ಲಿ. ಜರ್ಮನಿಯ ಏಕೈಕ ರಾಷ್ಟ್ರಧ್ವಜ ಆಗಿದ್ದು 1935ರಲ್ಲಿ. ಎಲ್ಲ ಮುಗಿದಿದ್ದು 1945ರಲ್ಲಿ. ಇಪ್ಪತ್ತೈದು ವರ್ಷ. ಜಗತ್ತಿನ ಒಂದು ಭಾಗದಲ್ಲಿ ಸಾವಿರಾರು ವರ್ಷದ ಅರ್ಥವನ್ನು ಅಳಿಸಲು ಅಷ್ಟು ಸಾಕಾಯಿತು. ಇನ್ನೊಂದು ಭಾಗದಲ್ಲಿ ಅದರ ಸೋಂಕೂ ತಾಗಲಿಲ್ಲ.

ನಡುವೆ ಸಿಕ್ಕಿಬಿದ್ದವರ ಪಾಡು ನೋಡಬೇಕು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸ್ವಸ್ತಿಕ ಅಂತಲೇ ಒಂದು ಗಣಿ ಊರಿದೆ. 1940ರಲ್ಲಿ ಪ್ರಾಂತ್ಯದ ಸರ್ಕಾರ ಅದರ ಹೆಸರನ್ನು ವಿನ್‌ಸ್ಟನ್ ಅಂತ ಬದಲಿಸಲು ಹೋಯಿತು. ಊರಿನವರು ಒಪ್ಪಲಿಲ್ಲ. ಹಿಟ್ಲರ್ ಹಾಳಾಗಿ ಹೋಗಲಿ, ಈ ಹೆಸರು ಮೊದಲು ನಮ್ಮದು ಅಂತ ಬೋರ್ಡ್ ಮತ್ತೆ ನೆಟ್ಟರು. ಅದೇ ವರ್ಷ ಅಮೆರಿಕದ ಅರಿಜೋನಾದಲ್ಲಿ ನವಾಹೊ, ಹೋಪಿ ಸೇರಿದಂತೆ ನಾಲ್ಕು ಬುಡಕಟ್ಟುಗಳವರು ಒಂದು ಕಾಗದಕ್ಕೆ ಸಹಿ ಹಾಕಿದರು. ಕಂಬಳಿ, ಬುಟ್ಟಿ, ಬಟ್ಟೆಗಳ ಮೇಲೆ ತಾವು ತಲೆತಲಾಂತರದಿಂದ ಹಾಕುತ್ತಿದ್ದ ಈ ಚಿಹ್ನೆಯನ್ನು ಇನ್ನು ಹಾಕುವುದಿಲ್ಲ ಅಂತ. ಒಬ್ಬರು ಬಿಡಲಿಲ್ಲ, ಇನ್ನೊಬ್ಬರು ಬಿಟ್ಟರು. ಇಬ್ಬರಲ್ಲಿ ಯಾರು ಸರಿ ಅಂತ ತೀರ್ಪು ಕೊಡಲು ನನಗೆ ಬಾಯಿ ಬರುವುದಿಲ್ಲ.

ಫಿನ್ಲೆಂಡಿನದು ಇನ್ನೂ ಸಿಕ್ಕುಸಿಕ್ಕಾದ ಕಥೆ. 1918ರಲ್ಲಿ ಸ್ವೀಡನ್ನಿನ ಎರಿಕ್ ವಾನ್ ರೋಸೆನ್ ಎಂಬ ಶ್ರೀಮಂತ ಆಗಷ್ಟೇ ಹುಟ್ಟಿದ್ದ ಫಿನ್ಲೆಂಡಿನ ಸೇನೆಗೆ ಒಂದು ವಿಮಾನ ದಾನ ಕೊಟ್ಟ. ಅದರ ರೆಕ್ಕೆಯ ಮೇಲೆ ತನ್ನ ಅದೃಷ್ಟದ ಗುರುತು ಅಂತ ನೀಲಿ ಸ್ವಸ್ತಿಕ ಬರೆಸಿದ್ದ. ಅದೇ ಅವರ ವಾಯುಪಡೆಯ ಗುರುತಾಯಿತು. ಆಗ ನಾಜಿ ಪಕ್ಷ ಹುಟ್ಟೇ ಇರಲಿಲ್ಲ, ಹಾಗಾಗಿ ಸಂಬಂಧವೇ ಇಲ್ಲ ಅನ್ನುತ್ತಾರೆ ಫಿನ್ನರು. ಸರಿಯೇ. ಆದರೆ ಅದೇ ವಾನ್ ರೋಸೆನ್ ಮುಂದೆ ನಾಜಿಗಳ ಕಡೆ ವಾಲಿದ, ಹಿಟ್ಲರನ ಬಲಗೈ ಗೋರಿಂಗ್ ಮದುವೆಯಾಗಿದ್ದು ವಾನ್ ರೋಸೆನ್‌ನ ನಾದಿನಿಯನ್ನು. ವಿಮಾನಗಳ ಮೇಲಿನ ಸ್ವಸ್ತಿಕ 1945ರಲ್ಲಿ ಹೋಯಿತು. ವಾಯುಪಡೆಯ ಕೇಂದ್ರ ಕಚೇರಿಯ ಲಾಂಛನದಲ್ಲಿ ಆಮೇಲೂ ಹಾಗೇ ಉಳಿದಿತ್ತು. ಅದನ್ನೂ ಯಾವುದೇ ಘೋಷಣೆ ಮಾಡದೆ ತೆಗೆದುಬಿಟ್ಟಿದ್ದರು. ಹೊರಗಿನವರ ಗಮನಕ್ಕೆ ಬಂದಿದ್ದು 2020ರಲ್ಲಿ. ಸದ್ದು ಮಾಡದೆ ತೆಗೆದಿದ್ದರಲ್ಲೇ ಒಂದು ಮಾತಿದೆ ಅನ್ನಿಸುತ್ತದೆ. ತಪ್ಪು ಮಾಡಿದೆವು ಅಂತ ಅನ್ನಿಸಿರಲಿಲ್ಲ, ಆದರೆ ಪ್ರತಿ ಸಲ ಹೊಸಬರಿಗೆ ಕೂತು ವಿವರಿಸಿ ಸುಸ್ತಾಗಿತ್ತು.

ಜಪಾನಿನ ನಕ್ಷೆಗಳಲ್ಲಿ ಬೌದ್ಧ ದೇವಸ್ಥಾನಕ್ಕೆ ಗುರುತು ಇದೇ ಸ್ವಸ್ತಿಕ, ಅಲ್ಲಿ ಮಂಜಿ ಅನ್ನುತ್ತಾರೆ. 2016ರಲ್ಲಿ ವಿದೇಶಿಯರಿಗಾಗಿ ಮಾಡುವ ನಕ್ಷೆಗಳಲ್ಲಿ ಅದರ ಬದಲು ಪಗೋಡದ ಚಿತ್ರ ಹಾಕುವ ಪ್ರಸ್ತಾಪ ಬಂತು. ಇದು ಜಾಣ ದಾರಿ. ಮನೆಯವರಿಗೆ ಒಂದು, ಬಂದವರಿಗೆ ಒಂದು. 2022ರಲ್ಲಿ ಕ್ಯಾಲಿಫೋರ್ನಿಯಾ ಇನ್ನೊಂದು ದಾರಿ ಹಿಡಿಯಿತು. ದ್ವೇಷದ ಚಿಹ್ನೆಗಳ ಕಾನೂನಿನಲ್ಲಿ ನಾಜಿಗಳ ಗುರುತಿಗೆ ಹಾಕೆನ್‌ಕ್ರಾಯ್ಟ್ಸ್ ಅನ್ನುವ ಜರ್ಮನ್ ಹೆಸರನ್ನು ಬಳಸಿ, ಹಿಂದೂ-ಬೌದ್ಧ-ಜೈನರ ಸ್ವಸ್ತಿಕ ಬೇರೆ ಅಂತ ಕಾನೂನಿನಲ್ಲೇ ಬರೆದರು. ಹಿಟ್ಲರ್ ತನ್ನ ಗುರುತಿಗೆ ಸ್ವಸ್ತಿಕ ಅನ್ನುವ ಸಂಸ್ಕೃತ ಪದ ಬಳಸಿರಲಿಲ್ಲ ಅನ್ನುವುದು ಇಲ್ಲಿ ಕೆಲಸಕ್ಕೆ ಬಂತು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಅಮೆರಿಕದ ಶಾಲೆಗಳಲ್ಲಿ ರಾಷ್ಟ್ರಧ್ವಜಕ್ಕೆ ಪ್ರತಿಜ್ಞೆ ಹೇಳುವಾಗ ಮಕ್ಕಳು ಬಲಗೈಯನ್ನು ಮುಂದಕ್ಕೆ ನೇರವಾಗಿ ಚಾಚುತ್ತಿದ್ದರು. 1892ರಿಂದ ಬಂದ ಪದ್ಧತಿ ಅದು. 1930ರ ದಶಕದ ಆ ಫೋಟೊಗಳನ್ನು ಈಗ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅದು ನಾಜಿ ಸೆಲ್ಯೂಟ್‌ನ ಥರವೇ ಇದೆ. 1942ರ ಡಿಸೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಕಾನೂನು ತಿದ್ದಿ, ಇನ್ನು ಕೈಯನ್ನು ಎದೆಯ ಮೇಲಿಡಿ ಅಂದಿತು. ಮಕ್ಕಳು ಮಾಡುತ್ತಿದ್ದುದರಲ್ಲಿ ತಪ್ಪೇನಿತ್ತು? ಏನೂ ಇಲ್ಲ. ಸಾಗರದ ಆಚೆ ಬೇರೆ ಯಾರೋ ಅದೇ ಥರ ಕೈ ಚಾಚುತ್ತಿದ್ದರು, ಅಷ್ಟೇ.

ಒಂದೇ ಹಡಗು, ಎರಡು ನೆನಪು

ಜಪಾನಿನ ಉದಯಸೂರ್ಯ ಬಾವುಟ, ಅಂದರೆ ಕೆಂಪು ಸೂರ್ಯನ ಸುತ್ತ ಹದಿನಾರು ಕಿರಣ ಇರುವುದು, 1870ರಲ್ಲಿ ಅಲ್ಲಿನ ಭೂಸೇನೆಗೂ 1889ರಲ್ಲಿ ನೌಕಾಪಡೆಗೂ ಬಂತು. ಸೂರ್ಯನ ಕಿರಣದ ಚಿತ್ರ ಅದಕ್ಕಿಂತ ಹಳೆಯದು. ಮೀನುಗಾರರು ದೊಡ್ಡ ಬೇಟೆ ಸಿಕ್ಕ ದಿನ ದೋಣಿಯ ಮೇಲೆ ಹಾರಿಸುವ ಬಣ್ಣಬಣ್ಣದ ಬಾವುಟಗಳಲ್ಲೂ ಈ ಕಿರಣಗಳಿರುತ್ತವೆ. ಯುದ್ಧ ಸೋತ ಮೇಲೆ ನಿಂತುಹೋಗಿದ್ದ ನೌಕಾ ಬಾವುಟ 1954ರಲ್ಲಿ ಹೊಸ ನೌಕಾಪಡೆಯ ಜೊತೆ ವಾಪಸ್ ಬಂತು.

ಕೊರಿಯಾದವರಿಗೆ ಈ ಬಾವುಟ ನೆನಪಿಸುವುದು 1910ರಿಂದ 1945ರವರೆಗಿನ ಜಪಾನಿನ ಆಳ್ವಿಕೆಯನ್ನು. ಕುತೂಹಲದ ವಿಷಯ ಅಂದರೆ, 1998ರಲ್ಲೂ 2008ರಲ್ಲೂ ದಕ್ಷಿಣ ಕೊರಿಯಾದ ನೌಕಾ ಪ್ರದರ್ಶನಕ್ಕೆ ಜಪಾನಿನ ಹಡಗುಗಳು ಇದೇ ಬಾವುಟ ಹಾರಿಸಿಕೊಂಡು ಬಂದು ಹೋಗಿದ್ದವು. 2011ರಲ್ಲಿ ಏಷ್ಯನ್ ಕಪ್ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಗೋಲು ಹೊಡೆದ ಕೊರಿಯಾದ ಆಟಗಾರನೊಬ್ಬ ಜಪಾನಿನವರನ್ನು ಅಣಕಿಸುವ ಹಾಗೆ ಕೋತಿಯಂತೆ ಮುಖ ಮಾಡಿದ. ಯಾಕೆ ಅಂತ ಕೇಳಿದರೆ, ಪ್ರೇಕ್ಷಕರ ಕಡೆ ಆ ಬಾವುಟ ಕಂಡಿತು ಅಂದ. ಅಲ್ಲಿಂದ ವಿವಾದ ಕಾವೇರಿತು. ಯುದ್ಧಾಪರಾಧದ ಬಾವುಟ ಅನ್ನುವ ಅರ್ಥದ ಹೊಸ ಕೊರಿಯನ್ ಪದವೇ ಬಳಕೆಗೆ ಬಂತು. 2018ರಲ್ಲಿ ಜೇಜು ದ್ವೀಪದ ನೌಕಾ ಪ್ರದರ್ಶನಕ್ಕೆ ಆ ಬಾವುಟ ಬೇಡ ಅಂದಾಗ ಜಪಾನ್ ಬರುವುದನ್ನೇ ಬಿಟ್ಟಿತು. 2023ರ ಮೇನಲ್ಲಿ ಸಂಬಂಧ ಸುಧಾರಿಸಿದಾಗ ಅದೇ ಬಾವುಟದ ಹಡಗು ಬೂಸಾನ್ ಬಂದರಿಗೆ ಬಂತು.

ಇದನ್ನು ನೋಡಿ ಜಪಾನಿನಲ್ಲಿ ಕೆಲವರು, ಆಗ ಇಲ್ಲದ ನೋವು ಈಗೆಲ್ಲಿಂದ ಬಂತು, ಇದು ಬರೀ ರಾಜಕೀಯ ಅನ್ನುತ್ತಾರೆ. ರಾಜಕೀಯ ಇದೆ, ಇಲ್ಲ ಅನ್ನಲಾಗದು. ಆದರೆ ನೋವು ಯಾವಾಗ ಬಾಯಿ ಬಿಡಬೇಕು ಅನ್ನುವುದಕ್ಕೆ ಪಂಚಾಂಗ ಇಲ್ಲ. ಬಡ ದೇಶವಾಗಿದ್ದಾಗ ನುಂಗಿಕೊಂಡಿದ್ದನ್ನು ಉಳ್ಳವರಾದ ಮೇಲೆ ಹೇಳುವುದು ಹೊಸದೇನಲ್ಲ.

ಇದೇ ಥರ ಎರಡು ಕಡೆಯಿಂದ ಎಳೆದಾಡಿಸಿಕೊಳ್ಳುವ ಇನ್ನೊಂದು ಬಾವುಟ ಬೆಲರೂಸಿನ ಬಿಳಿ-ಕೆಂಪು-ಬಿಳಿ. 1918ರ ಅಲ್ಪಾಯುಷಿ ಗಣರಾಜ್ಯದ್ದು ಅದು. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಜೊತೆ ಕೈಜೋಡಿಸಿದ ಸ್ಥಳೀಯರೂ ಬಳಸಿದರು. 1991ರಲ್ಲಿ ಸ್ವತಂತ್ರ ದೇಶದ ಅಧಿಕೃತ ಬಾವುಟವಾಯಿತು. 1995ರಲ್ಲಿ ಅಧ್ಯಕ್ಷ ಲುಕಶೆಂಕೊ ಜನಮತಗಣನೆ ಮಾಡಿಸಿ ತೆಗೆದುಹಾಕಿದರು. 2020ರ ಚುನಾವಣೆ ಮೋಸ ಅಂತ ಲಕ್ಷಾಂತರ ಜನ ಬೀದಿಗಿಳಿದಾಗ ಅವರ ಕೈಯಲ್ಲಿದ್ದಿದ್ದು ಇದೇ. ಸರ್ಕಾರ ಇದನ್ನು ನಾಜಿಗಳ ಬಾವುಟ ಅನ್ನುತ್ತದೆ, ಆ ಬಣ್ಣದ ಕಾಲುಚೀಲ ಹಾಕಿಕೊಂಡಿದ್ದಕ್ಕೂ ದಂಡ ಹಾಕಿದೆ. ಬೀದಿಗಿಳಿದವರಲ್ಲಿ 1940ರ ದಶಕವನ್ನು ಕಂಡವರೇ ಬಹಳ ಕಡಿಮೆ. ಅವರ ಮಟ್ಟಿಗೆ ಇದು ಲುಕಶೆಂಕೊ ಕಿತ್ತುಕೊಂಡ ಬಾವುಟ. ಇಲ್ಲೂ ನನ್ನ ಪ್ರಶ್ನೆ ಅದೇ: ಈ ಸಲ ಏರಿಸಿದ್ದು ಯಾರು, ಯಾವಾಗ?

ಸಿರಿಯಾದಲ್ಲಂತೂ ಅರ್ಥ ಒಂದೇ ರಾತ್ರಿಯಲ್ಲಿ ತಿರುಗಿತು. 1932ರ ಹಸಿರು-ಬಿಳಿ-ಕಪ್ಪು ಬಾವುಟವನ್ನು 2011ರಿಂದ ಬಂಡಾಯಗಾರರು ಹಿಡಿದಿದ್ದರು. 2024ರ ಡಿಸೆಂಬರ್ 8ರಂದು ಅಧ್ಯಕ್ಷ ಅಸಾದ್ ಮಾಸ್ಕೋಗೆ ಓಡಿಹೋದರು. ಮರುದಿನ ಅದೇ ಮಾಸ್ಕೋದಲ್ಲಿ ಸಿರಿಯಾ ರಾಯಭಾರ ಕಚೇರಿಯ ಮೇಲೆ ಬಂಡಾಯದ ಬಾವುಟ ಏರಿತು.

ನಿಷೇಧಿಸಿದರೆ ಎಲ್ಲಿಗೆ ಹೋಗುತ್ತದೆ?

ಜರ್ಮನಿಯಲ್ಲಿ ನಾಜಿ ಚಿಹ್ನೆಗಳನ್ನು ಬಹಿರಂಗವಾಗಿ ತೋರಿಸುವುದು ಅಪರಾಧ. ಪಾಠ, ಸಂಶೋಧನೆ, ಕಲೆಗೆ ವಿನಾಯಿತಿ ಇದೆ. ಈ ಕಾನೂನು ಎಷ್ಟು ಕಟ್ಟುನಿಟ್ಟು ಅಂದರೆ, ಸ್ವಸ್ತಿಕದ ಮೇಲೆ ಅಡ್ಡಗೀಟು ಎಳೆದ, ಅದನ್ನು ಕಸದ ಬುಟ್ಟಿಗೆ ಎಸೆಯುವ ಚಿತ್ರದ ನಾಜಿ-ವಿರೋಧಿ ಸ್ಟಿಕ್ಕರ್ ಮಾರುತ್ತಿದ್ದ ವ್ಯಾಪಾರಿಗೂ ಒಂದು ಕೋರ್ಟ್ ದಂಡ ಹಾಕಿಬಿಟ್ಟಿತ್ತು. 2007ರಲ್ಲಿ ಮೇಲಿನ ಕೋರ್ಟ್ ಅದನ್ನು ರದ್ದು ಮಾಡಿ, ವಿರೋಧ ಸ್ಪಷ್ಟವಾಗಿ ಕಾಣುವಾಗ ಅಪರಾಧ ಅಲ್ಲ ಅಂದಿತು.

ನಿಷೇಧ ಇದ್ದರೂ ಬೇಕಾದವರಿಗೆ ದಾರಿ ಸಿಗುತ್ತದೆ. ಜರ್ಮನಿಯ ತೀವ್ರ ಬಲಪಂಥೀಯರು ಕಪ್ಪು-ಬಿಳಿ-ಕೆಂಪು ಬಣ್ಣದ ಹಳೆಯ ಚಕ್ರಾಧಿಪತ್ಯದ ಬಾವುಟವನ್ನು ಎತ್ತಿಕೊಂಡರು. ಅದು 1867ರಿಂದ ಬಂದಿದ್ದು, ನಾಜಿಗಳಿಗಿಂತ ಹಳೆಯದು, ಹಾಗಾಗಿ ಸ್ವಸ್ತಿಕಕ್ಕಿರುವ ನಿಷೇಧ ಇದಕ್ಕಿಲ್ಲ. 1919ರಲ್ಲಿ ಗಣರಾಜ್ಯ ಕಪ್ಪು-ಕೆಂಪು-ಚಿನ್ನದ ಬಣ್ಣ ಆರಿಸಿಕೊಂಡಾಗಲೇ ಹಳೆಯದಕ್ಕೆ ಅಂಟಿಕೊಂಡವರೆಲ್ಲ ಗಣರಾಜ್ಯ ಬೇಡ ಅನ್ನುವವರು ಅಂತಾಗಿತ್ತು. ಈ ಎರಡು ಬಾವುಟಗಳ ಜಗಳದಲ್ಲಿ 1926ರಲ್ಲಿ ಚಾನ್ಸಲರ್ ಹಾನ್ಸ್ ಲೂಥರ್ ಕುರ್ಚಿಯನ್ನೇ ಕಳೆದುಕೊಂಡರು. 2020ರ ಆಗಸ್ಟ್ 29ರಂದು ಕೊರೊನಾ ನಿಯಮಗಳ ವಿರುದ್ಧದ ಪ್ರತಿಭಟನೆಯಲ್ಲಿ ಒಂದು ಗುಂಪು ಬರ್ಲಿನ್ನಿನ ಸಂಸತ್ ಭವನದ ಮೆಟ್ಟಿಲಿಗೆ ನುಗ್ಗಿದಾಗ ಅವರ ಕೈಯಲ್ಲೂ ಇದೇ ಬಾವುಟವಿತ್ತು. ಹಾವು ಪೊರೆ ಬಿಟ್ಟ ಹಾಗೆ. ಪೊರೆಯನ್ನು ಹಿಡಿದುಕೊಂಡು ಹಾವು ಸಿಕ್ಕಿತು ಅನ್ನುವ ಹಾಗಿಲ್ಲ.

ಹಾಗಂತ ನಿಷೇಧ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಹೊಸ ಗುರುತು ಹುಡುಕಬೇಕಾದವರಿಗೆ ಹಳೆಯದರ ಬಲ ಸಿಗುವುದಿಲ್ಲ. ದಕ್ಷಿಣ ಆಫ್ರಿಕಾದ ಕೋರ್ಟು ಹಿಡಿದ ದಾರಿ ನನಗೆ ಹಿಡಿಸುತ್ತದೆ. ಅಲ್ಲಿನ ಹಳೆಯ ಕಿತ್ತಳೆ-ಬಿಳಿ-ನೀಲಿ ಬಾವುಟ 1928ರದ್ದು. ಹುಟ್ಟುವಾಗ ಅದು ಇಂಗ್ಲಿಷರು ಮತ್ತು ಡಚ್ ಮೂಲದ ಆಫ್ರಿಕಾನರ ನಡುವಿನ ರಾಜಿಯ ಬಾವುಟ. ನಡುವೆ ಬ್ರಿಟನ್ನಿನದೂ ಆಫ್ರಿಕಾನರ ಎರಡು ಹಳೆಯ ಗಣರಾಜ್ಯಗಳದೂ ಸೇರಿ ಮೂರು ಪುಟ್ಟ ಬಾವುಟಗಳಿದ್ದವು. ಯಾರ ಬಾವುಟ ಎಷ್ಟು ದೊಡ್ಡದಿರಬೇಕು ಅಂತ ವರ್ಷಗಟ್ಟಲೆ ಜಗಳವಾಯಿತು. ದೇಶದ ಬಹುಸಂಖ್ಯಾತ ಕಪ್ಪು ಜನರನ್ನು ಮಾತ್ರ ಯಾರೂ ಕೇಳಲಿಲ್ಲ. 1948ರಿಂದ ವರ್ಣಭೇದ ನೀತಿ ಬಂದು ಅದರ ಬಾವುಟವಾಯಿತು, 1994ರಲ್ಲಿ ಇಳಿಯಿತು. 2019ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಫಿನಿಯಾಸ್ ಮೊಜಪೆಲೊ, ಅದನ್ನು ಕಾರಣವಿಲ್ಲದೆ ಪ್ರದರ್ಶಿಸುವುದು ದ್ವೇಷದ ಮಾತಿಗೆ ಸಮ ಅಂದರು. ಪತ್ರಿಕೆ, ಪಾಠ, ಕಲೆಗೆ ಅಡ್ಡಿಯಿಲ್ಲ. ಅಂದರೆ ಕೋರ್ಟು ನೋಡಿದ್ದು ಬಟ್ಟೆಯ ಬಣ್ಣವನ್ನಲ್ಲ, ಅದು ನೇತಾಡುವ ಜಾಗವನ್ನು. ಚಾರ್ಲ್‌ಸ್ಟನ್ನಿನ ಕೊಲೆಗಾರನ ಒಂದು ಫೋಟೊದಲ್ಲಿ ಜಾಕೆಟ್ಟಿನ ಮೇಲೆ ಇದೇ ಬಾವುಟ ಹೊಲಿದಿತ್ತು. ಅವ ಹುಟ್ಟಿದ್ದೇ 1994ರಲ್ಲಿ, ಆ ಬಾವುಟ ಇಳಿದ ವರ್ಷ.

ಬಾವುಟವನ್ನು ವಾಪಸ್ ಪಡೆಯಲೂ ಆಗುತ್ತದೆ. ನಾಜಿ ಶಿಬಿರಗಳಲ್ಲಿ ಸಲಿಂಗಿ ಗಂಡಸರ ಅಂಗಿಗೆ ಹೊಲಿಯುತ್ತಿದ್ದ ಗುಲಾಬಿ ತ್ರಿಕೋನವನ್ನು 1970ರ ದಶಕದಿಂದ ಸಲಿಂಗಿಗಳೇ ಹೆಮ್ಮೆಯಿಂದ ಧರಿಸತೊಡಗಿದರು. 1980ರ ದಶಕದ ಕೊನೆಗೆ ಏಡ್ಸ್ ಹೋರಾಟಗಾರರು ಅದನ್ನು ತಲೆಕೆಳಗು ಮಾಡಿ, ತುದಿ ಮೇಲೆ ಬರುವ ಹಾಗೆ ಪೋಸ್ಟರಿಗೆ ಹಾಕಿದರು. ಇಂಗ್ಲೆಂಡಿನ ಸೇಂಟ್ ಜಾರ್ಜ್ ಬಾವುಟವನ್ನು ಬಲಪಂಥೀಯರ ಕೈಯಿಂದ ಬಿಡಿಸಿದ್ದು 1996ರ ಯೂರೋ ಕಪ್ ಅನ್ನುತ್ತಾರೆ. 1966ರ ವಿಶ್ವಕಪ್ಪಿನ ಫೋಟೊ ನೋಡಿ, ಇಂಗ್ಲೆಂಡಿನ ಅಭಿಮಾನಿಗಳ ಕೈಯಲ್ಲಿ ಬ್ರಿಟನ್ನಿನ ಬಾವುಟವೇ ಜಾಸ್ತಿ. 2025ರ ಬೇಸಿಗೆಯಲ್ಲಿ ಅಲ್ಲಿನ ದೀಪದ ಕಂಬಗಳಿಗೆಲ್ಲ ರಾತ್ರೋರಾತ್ರಿ ಈ ಬಾವುಟ ಕಟ್ಟಿದಾಗ, ಇದು ದೇಶಪ್ರೇಮವಾ ವಲಸಿಗರಿಗೆ ಬೆದರಿಕೆಯಾ ಅಂತ ಅಕ್ಕಪಕ್ಕದವರೇ ವಾದಕ್ಕಿಳಿದರು. ಬಿಡಿಸಿಕೊಂಡಿದ್ದು ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ.

ಅಮೆರಿಕದ ಗ್ಯಾಡ್ಸ್‌ಡನ್ ಬಾವುಟದ ಬಗ್ಗೆ ಅಲ್ಲಿನ ಸಮಾನ ಉದ್ಯೋಗ ಆಯೋಗ 2016ರಲ್ಲಿ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಹಳದಿ ಬಟ್ಟೆ, ಸುರುಳಿ ಸುತ್ತಿದ ಹಾವು, ನನ್ನನ್ನು ತುಳಿಯಬೇಡ ಅನ್ನುವ ಬರಹ. 1775ರದ್ದು, ಬ್ರಿಟಿಷರ ವಿರುದ್ಧ ಎದ್ದದ್ದು. ಅಂಚೆ ಇಲಾಖೆಯಲ್ಲಿ ಸಹೋದ್ಯೋಗಿ ಈ ಚಿತ್ರದ ಟೋಪಿ ಹಾಕಿಕೊಂಡು ಬರುತ್ತಾನೆ, ಇದು ಜನಾಂಗೀಯ ಕಿರುಕುಳ ಅಂತ ಕಪ್ಪು ನೌಕರರೊಬ್ಬರು ದೂರು ಕೊಟ್ಟಿದ್ದರು. ಮೂಲದಲ್ಲಿ ಇದರಲ್ಲಿ ಜನಾಂಗದ ಮಾತಿರಲಿಲ್ಲ, ಆದರೆ ಈಗ ಕೆಲವು ಕಡೆ ಆ ಅರ್ಥ ಅಂಟಿಕೊಂಡಿದೆ, ಆ ಕಚೇರಿಯಲ್ಲಿ ಏನು ನಡೆಯಿತು ಅಂತ ವಿಚಾರಣೆ ಮಾಡದೆ ಹೇಳಲಾಗದು ಅಂತ ಆಯೋಗ ಹೇಳಿತು. ಹೌದು ಇಲ್ಲ ಅಂತ ಒಂದೇ ಮಾತಿನಲ್ಲಿ ಮುಗಿಸದೆ, ಹೋಗಿ ನೋಡಿ ಅಂದಿದ್ದು ಬೇಸರದ ಉತ್ತರ, ಆದರೆ ಸರಿಯಾದ ಉತ್ತರ.

ಕೊಲಂಬಿಯಾದ ಆ ಬಾವುಟ 2015ರ ಜುಲೈ 10ರಂದು ಕಾನೂನು ಪ್ರಕಾರವೇ ಇಳಿಯಿತು, ಮ್ಯೂಸಿಯಂ ಸೇರಿತು. ಮಿಸಿಸಿಪಿ 2020ರಲ್ಲಿ ತನ್ನ ಧ್ವಜ ಬದಲಿಸಿತು. ಜಾರ್ಜಿಯಾ ಇನ್ನೂ ಮುಂಚೆಯೇ, 2001ರಲ್ಲಿ, ತನ್ನ 1956ರ ಧ್ವಜ ತೆಗೆದಿತ್ತು. ತೆಗೆದ ಗವರ್ನರ್ ರಾಯ್ ಬಾರ್ನ್ಸ್ ಮುಂದಿನ ವರ್ಷದ ಚುನಾವಣೆಯಲ್ಲಿ ಸೋತರು, ಬಾವುಟದ ಸಿಟ್ಟೂ ಅದಕ್ಕೆ ಒಂದು ಕಾರಣ. 2003ರಲ್ಲಿ ಇನ್ನೊಂದು ಹೊಸ ಧ್ವಜ ಬಂತು. ಎರಡು ಕೆಂಪು ಪಟ್ಟಿ, ನಡುವೆ ಒಂದು ಬಿಳಿ. ಮೂಲೆಯಲ್ಲಿ ನೀಲಿ ಚೌಕ, ಅದರಲ್ಲಿ 13 ನಕ್ಷತ್ರಗಳ ಉಂಗುರ, ಉಂಗುರದೊಳಗೆ ರಾಜ್ಯದ ಲಾಂಛನ. ಲಾಂಛನವೊಂದನ್ನು ತೆಗೆದುಬಿಟ್ಟರೆ ಇದು 1861ರ ಆ ಮೊದಲ ರಾಷ್ಟ್ರಧ್ವಜವೇ, ಮನಾಸಸ್‌ನ ಧೂಳಿನಲ್ಲಿ ಗುರುತು ಸಿಗದೆ ಪೇಚಾಡಿಸಿದ್ದು. ಸ್ಟೀಫನ್ಸ್ ಮೂಲೆಗಲ್ಲಿನ ಭಾಷಣ ಮಾಡಿದ ತಿಂಗಳಲ್ಲೇ ಅವನ ಸರ್ಕಾರ ಏರಿಸಿದ ಬಾವುಟ. ಹುಟ್ಟನ್ನೇ ನೋಡುವುದಾದರೆ ಇಂಟು ಗುರುತಿಗಿಂತ ಇದರ ಮೇಲೆಯೇ ಭಾರ ಜಾಸ್ತಿ. ಆದರೆ 1948ರಲ್ಲಿ ಇದನ್ನು ಯಾರೂ ಬೀಸಲಿಲ್ಲ, 1963ರಲ್ಲಿ ಯಾರೂ ಗುಮ್ಮಟಕ್ಕೆ ಏರಿಸಲಿಲ್ಲ, ಕೊಲೆಗಾರ ಇದನ್ನು ಹಿಡಿದು ಫೋಟೊ ತೆಗೆಸಿಕೊಳ್ಳಲಿಲ್ಲ. ಅಟ್ಲಾಂಟಾದ ಶಾಸನಸಭೆಯಲ್ಲಿ ಅದು ಇವತ್ತಿಗೂ ಹಾರುತ್ತಿದೆ. ಇಳಿಸಲು ಯಾರಾದರೂ ಕಂಬ ಹತ್ತಿದ ಸುದ್ದಿ ನಾನು ಓದಿಲ್ಲ.